ಮೂರನೆಯ ಗೇರ್ ಒಂದೇ ಕರಕರ ಎನ್ನುವುದೇಕೆ?

ಪ್ರಶ್ನೆ: ಶಹಾಬಾದಿನ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ಶಾಲೆಗೆ ದಿನವೂ ಮೌಂಟೇನ್ ಬೈಕ್‌ನಲ್ಲೇ ಹೋಗಿಬರುತ್ತೇನೆ. ಮುಂದೆ 3, ಹಿಂದೆ 7, ಒಟ್ಟು 21 ಗೇರಿನ ಸೈಕಲ್. ಕೊಂಡು ಮೂರು ವರ್ಷವಾಯಿತು. ದಾರಿಯುದ್ದಕ್ಕೂ ಪರಸಿ ಕಲ್ಲಿನ ಗಣಿ, ಪಾಲಿಶ್ ಘಟಕಗಳು, ವಿಪರೀತ ಧೂಳು. ಎರಡು ತಿಂಗಳ ಹಿಂದೆ ಚೈನ್ ಬದಲಿಸಿದೆ. ಮೂರು ವಾರದ ಹಿಂದೆ ಜಾಲಿಮುಳ್ಳು ಚುಚ್ಚಿ ಹಿಂದಿನ ಚಕ್ರಕ್ಕೆ ಪಂಕ್ಚರ್ ಹಾಕಿಸಿದೆ. ಈಚೆಗೆ ಮುಂದಿನ ಗೇರ್ 2ರಲ್ಲಿ, ಹಿಂದಿನದು 3ರಲ್ಲಿ ಇದ್ದಾಗ ತುಳಿದರೆ ಕರಕರ ಸದ್ದು ಬರುತ್ತದೆ. ಹಿಂದೆ 2ಕ್ಕೆ ಹಾಕಿದರೆ ಸ್ವಲ್ಪ ಸದ್ದಿದೆ; 4, 5ರಲ್ಲಿ ಏನೂ ಇಲ್ಲ. ತುಳಿಯುವುದನ್ನು ನಿಲ್ಲಿಸಿದರೆ ಸದ್ದೂ ನಿಲ್ಲುತ್ತದೆ. ಮನೆಯಲ್ಲಿದ್ದ ಕುಸುಬೆ ಎಣ್ಣೆ ಹಾಕಿದೆ, ಒಂದು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಅಂಗಡಿಯವರು ಚೈನ್, ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಲ್ಲವನ್ನೂ ಬದಲಿಸಬೇಕು ಎನ್ನುತ್ತಾರೆ. ಅಷ್ಟೆಲ್ಲ ಬೇಕೇ?

ಉತ್ತರ: ಬೇಡ. ಇವತ್ತಂತೂ ಬೇಡ. ಗುರುಗಳೇ, ನಿಮ್ಮ ಪತ್ರದಲ್ಲಿ ಉತ್ತರದ ಅರ್ಧ ಭಾಗ ಆಗಲೇ ಇದೆ. ‘ಸೈಕಲ್ ಸದ್ದು ಮಾಡುತ್ತಿದೆ, ಏನು ಮಾಡಲಿ’ ಎಂದಷ್ಟೇ ಬರೆಯುವವರೇ ಹೆಚ್ಚು. ಯಾವ ಗೇರ್‌ನಲ್ಲಿ ಸದ್ದಿದೆ, ಯಾವುದರಲ್ಲಿ ಇಲ್ಲ, ತುಳಿದಾಗಲೋ ಬಿಟ್ಟಾಗಲೋ ಎಂದು ನೀವು ಹೇಳಿದ್ದೀರಿ. ಅದಕ್ಕಿಂತ ಮುಖ್ಯವಾಗಿ, ಪಂಕ್ಚರ್ ಹಾಕಿಸಿದ್ದನ್ನು ಬಿಡದೆ ಬರೆದಿದ್ದೀರಿ. ನನ್ನ ಅನುಮಾನ ಮೊದಲು ಹೋಗುವುದು ಅಲ್ಲಿಗೇ.

ಸದ್ದನ್ನು ಜರಡಿ ಹಿಡಿಯೋಣ. ತುಳಿಯುವುದನ್ನು ಬಿಟ್ಟಾಗ ಸದ್ದು ನಿಲ್ಲುತ್ತದೆ ಎಂದರೆ ಹಿಂದಿನ ಹಬ್ಬಿನ ಬೇರಿಂಗ್, ಕಡ್ಡಿ, ಬ್ರೇಕ್ ಇವುಗಳ ಮೇಲೆ ಅನುಮಾನ ಪಡುವ ಕಾರಣವಿಲ್ಲ. ಚಕ್ರ ಉರುಳುವಷ್ಟು ಹೊತ್ತೂ ಅವು ಸದ್ದು ಮಾಡುತ್ತವೆ. 4 ಮತ್ತು 5ರಲ್ಲಿ ಸದ್ದಿಲ್ಲ ಎಂದರೆ ಪೆಡಲ್, ಅದರ ತೋಳಾದ ಕ್ರ್ಯಾಂಕ್, ಕ್ರ್ಯಾಂಕ್ ತಿರುಗುವ ಬೇರಿಂಗಾದ ಬಿ.ಬಿ. (ಬಾಟಮ್ ಬ್ರಾಕೆಟ್) ಕಪ್ ಕೂಡ ನಿರಪರಾಧಿಗಳು. ಹಿಂದೆ ಯಾವ ಹಲ್ಲುಚಕ್ರದ ಮೇಲೆ ಚೈನ್ ಇದೆ ಎಂಬುದು ಅವುಗಳಿಗೆ ಗೊತ್ತಿರುವುದಿಲ್ಲವಲ್ಲ. ಚೈನ್‌ನ ಕೊಂಡಿಯೊಂದು ಬಿಗಿದುಕೊಂಡಿದ್ದರೆ ಅದೂ ಎಲ್ಲ ಗೇರ್‌ಗಳಲ್ಲಿ ಟಕ್ ಎನ್ನುತ್ತಿತ್ತು. ಹಾಗಾಗಿ ಸಮಸ್ಯೆ ಇರುವುದು ಹಿಂದಿನ 3ನೆಯ ಹಲ್ಲುಚಕ್ರ, ಅದರ ನೆರೆಯವು ಮತ್ತು ಚೈನನ್ನು ಅಲ್ಲಿಗೆ ತಂದು ನಿಲ್ಲಿಸುವ ಡಿರೇಲರ್, ಇಷ್ಟರ ನಡುವೆ.

ಗುರುತಿಗಾಗಿ ಒಂದು ಮಾತು. ಹಿಂದೆ 1 ಎಂದರೆ ಎಲ್ಲಕ್ಕಿಂತ ದೊಡ್ಡದು, ಕಡ್ಡಿಗಳ ಪಕ್ಕದ್ದು; 7 ಎಂದರೆ ಎಲ್ಲಕ್ಕಿಂತ ಚಿಕ್ಕದು, ಹೊರಗಿನದು. 21 ಗೇರಿನ ಸೈಕಲ್‌ಗಳಲ್ಲಿ ಬಹುತೇಕ ಬರುವುದು 14ರಿಂದ 28 ಹಲ್ಲಿನ ಫ್ರೀವೀಲ್. ಅದರಲ್ಲಿ 28, 24, 22, 20, 18, 16, 14 ಎಂಬ ಕ್ರಮವಿರುತ್ತದೆ. ಅಂದರೆ ನಿಮ್ಮ ಸದ್ದಿನ ಗೇರ್ 22 ಹಲ್ಲಿನದು. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕಿವಿ ಕೊಡಬೇಕು. ನನಗೆ ಇದನ್ನು ಯಾರೂ ಕಲಿಸಲಿಲ್ಲ, ಮುಖಭಂಗವಾಗಿ ಕಲಿತೆ. ಕಲಬುರಗಿಯಲ್ಲಿ ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ಹುಡುಗ ಸೈಕಲ್ ತಂದ. ಪೆಡಲ್ ಒಂದು ಸುತ್ತು ತಿರುಗಿದರೆ ಒಂದು ಟಿಕ್. ಸುತ್ತಿಗೊಂದು ಸದ್ದು ಎಂದರೆ ಬಿ.ಬಿ. ಎಂದು ತೀರ್ಮಾನಿಸಿ ಕಪ್, ಗುಂಡು, ಆಕ್ಸೆಲ್ ಎಲ್ಲವನ್ನೂ ಬದಲಿಸಿದೆ. ಟಿಕ್ ಹಾಗೆಯೇ ಇತ್ತು. ಪೆಡಲ್ ಬದಲಿಸಿದೆ. ಆಗಲೂ ಟಿಕ್. ಕೊನೆಗೆ ಹುಡುಗನ ತಂದೆ ಬಂದು, ಮುಂದಿನ ಡಿರೇಲರ್‌ನ ಕೇಬಲ್ ತುದಿ ಒಂದು ಇಂಚು ಉದ್ದ ಉಳಿದು ಕ್ರ್ಯಾಂಕಿಗೆ ತಾಗುತ್ತಿರುವುದನ್ನು ಬೆರಳು ಮಾಡಿ ತೋರಿಸಿದರು. ಆ ತಂತಿಯನ್ನು ಬೆರಳಿನಿಂದ ಒಳಕ್ಕೆ ಬಗ್ಗಿಸಿದ್ದೇ ತಡ, ಸದ್ದು ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆನಲ್ಲ ಎಂದು ಆ ದಿನ ಹಣ ತೆಗೆದುಕೊಳ್ಳಲಿಲ್ಲ.

ಸೈಕಲ್ಲನ್ನು ತಲೆಕೆಳಗು ಮಾಡಬೇಡಿ. ಡಿರೇಲರ್ ತೂಗುವ ರೀತಿ, ಚೈನ್ ಜೋಲು ಬೀಳುವ ರೀತಿ ಎಲ್ಲ ಬದಲಾಗಿ ಕಣ್ಣಿಗೆ ತಪ್ಪು ಕಾಣುತ್ತದೆ. ಅಂಗಳದಲ್ಲಿ ಬೇವಿನ ಮರವಿದ್ದರೆ ಕೊಂಬೆಗೆ ಹಗ್ಗ ಹಾಕಿ ಸೀಟಿನ ಮೂತಿಯನ್ನು ತೂಗುಬಿಡಿ, ಹಿಂದಿನ ಚಕ್ರ ನೆಲದಿಂದ ಒಂದು ಗೇಣು ಮೇಲಿರಲಿ. 3ನೆಯ ಗೇರ್‌ಗೆ ಹಾಕಿ, ಒಂದು ಕೈಯಲ್ಲಿ ಪೆಡಲ್ ನಿಧಾನವಾಗಿ ತಿರುಗಿಸಿ, ಇನ್ನೊಂದು ಕೈಯಿಂದ ಹಿಂದಿನ ಬ್ರೇಕನ್ನು ತುಸುವೇ ಹಿಡಿಯಿರಿ. ಬ್ರೇಕ್ ಹಿಡಿಯುವುದು ಭಾರ ಕೊಡುವುದಕ್ಕೆ. ಬರಿದೇ ತಿರುಗಿಸಿದರೆ ಬಹಳಷ್ಟು ಸದ್ದುಗಳು ಹೊರಬರುವುದೇ ಇಲ್ಲ.

ಈಗ ತಾಳ ಹಾಕಿ ಕೇಳಿ. ಮುಂದೆ ನಡುವಿನ ಚೈನ್‌ವೀಲ್‌ನಲ್ಲಿ ಸಾಮಾನ್ಯವಾಗಿ 34 ಹಲ್ಲುಗಳಿರುತ್ತವೆ, ಹಿಂದೆ 22. ಪೆಡಲ್ ಎರಡು ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಹಲ್ಲುಚಕ್ರ ಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಎರಡು ಸುತ್ತಿಗೆ ಮೂರು ಪೆಟ್ಟು ಬಿದ್ದರೆ 22ರ ಚಕ್ರದಲ್ಲಿ ಒಂದು ಹಲ್ಲು ಬಾಗಿದೆ ಇಲ್ಲವೇ ಮುರಿದಿದೆ. ಪೆಡಲ್ ಸುಮಾರು ಮೂರು ಸುತ್ತು ತಿರುಗಿದ ಮೇಲೆ ಒಂದು ಪೆಟ್ಟು ಬಿದ್ದರೆ, ಅದು ಚೈನ್‌ನ ಒಂದೇ ಕೊಂಡಿ. ಚೈನ್ ಪೂರ್ತಿ ಒಂದು ಸುತ್ತು ಬರಲು ಅಷ್ಟು ಹೊತ್ತು ಬೇಕು. ಸುತ್ತಿಗೊಂದು ಪೆಟ್ಟಾದರೆ ಮುಂದಿನ ಭಾಗ. ಇದಾವುದೂ ಅಲ್ಲದೆ ಬಿಟ್ಟೂಬಿಡದೆ ಜೀರುಂಡೆಯ ಹಾಗೆ ಕರಕರ ಎನ್ನುತ್ತಿದ್ದರೆ ಚೈನ್ ಎಲ್ಲೋ ತಿಕ್ಕುತ್ತಿದೆ. ನಿಮ್ಮದು ಈ ಕೊನೆಯ ಬಗೆಯದು ಎಂದು ಪತ್ರದಿಂದ ಅನ್ನಿಸುತ್ತದೆ. ಆದರೂ ಒಮ್ಮೆ ಎಣಿಸಿ ನೋಡಿ, ಐದು ನಿಮಿಷದ ಕೆಲಸ.

ತಿಕ್ಕುವುದಕ್ಕೆ ಎಷ್ಟು ಕಡಿಮೆ ತಪ್ಪು ಸಾಕು ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ, ನೀವು ಶಿಕ್ಷಕರು. 7 ಗೇರಿನ ಫ್ರೀವೀಲ್‌ನಲ್ಲಿ ಒಂದು ಹಲ್ಲುಚಕ್ರದ ನಡುವಿನಿಂದ ಮತ್ತೊಂದರ ನಡುವಿಗೆ 5 ಮಿ.ಮೀ. ದೂರ. ಚಕ್ರದ ದಪ್ಪ ಹೆಚ್ಚೂಕಡಿಮೆ 1.8 ಮಿ.ಮೀ. ಹಾಗಾದರೆ 3ರ ನಡುಗೆರೆಯಿಂದ 2ರ ಮುಖಕ್ಕೆ ಉಳಿಯುವುದು 4.1 ಮಿ.ಮೀ. ಗೇರ್ ಸೈಕಲ್ಲಿನ ಚೈನ್ ಪಿನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ 7.2 ಮಿ.ಮೀ.ನಷ್ಟು ಅಗಲವಿರುತ್ತದೆ, ಅದರ ಅರ್ಧ 3.6. ಕಳೆದರೆ ಸಿಗುವುದು ಅರ್ಧ ಮಿಲಿಮೀಟರ್. ಅಷ್ಟೇ ಜಾಗ. ಡಿರೇಲರ್ ಅರ್ಧ ಮಿ.ಮೀ. ಒಳಕ್ಕೆ ಸರಿದು ನಿಂತರೆ ಚೈನ್‌ನ ಪಟ್ಟಿ ಪಕ್ಕದ 24ರ ಹಲ್ಲುಗಳಿಗೆ ತಾಗುತ್ತದೆ. ಪಕ್ಕದ ಚಕ್ರ ದೊಡ್ಡದಾದ್ದರಿಂದ ಅದರ ಹಲ್ಲುಗಳು ಚೈನ್‌ನ ಎತ್ತರಕ್ಕೆ ಎದ್ದು ನಿಂತಿರುತ್ತವೆ, ತಾಗುವುದು ಸುಲಭ.

ಈ ಲೆಕ್ಕದಿಂದಲೇ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ. ಎರಡು ತಿಂಗಳ ಹಿಂದೆ ಹಾಕಿಸಿದ ಚೈನ್ ಯಾವುದು? ನಮ್ಮ ಊರುಗಳಲ್ಲಿ ಹೆಚ್ಚು ಮಾರಾಟವಾಗುವುದು ಗೇರ್ ಇಲ್ಲದ ಸೈಕಲ್ಲಿನ ಚೈನ್. ಅದು ಅಗಲ ಹೆಚ್ಚು. ಒಂದು ಕೊಂಡಿಯ ಉದ್ದ ಎರಡರಲ್ಲೂ ಅರ್ಧ ಇಂಚೇ ಆದ್ದರಿಂದ ಅದು ಹಲ್ಲುಗಳ ಮೇಲೆ ಕೂರುತ್ತದೆ, ಓಡುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪೊಟ್ಟಣ ಉಳಿದಿದ್ದರೆ ‘1/2 x 3/32’ ಎಂದಿದೆಯೇ ನೋಡಿ. ‘1/2 x 1/8’ ಎಂದಿದ್ದರೆ ಅದು ತಪ್ಪು ಚೈನ್. ಮುಂದಿನದನ್ನು ಓದುವ ಅಗತ್ಯವಿಲ್ಲ, ಅದನ್ನು ಬದಲಿಸಿ. ಆದರೆ ಆ ಚೈನ್ ಆಗಿದ್ದರೆ ಸದ್ದು ಮೊದಲ ದಿನದಿಂದಲೇ, ಹಲವು ಗೇರ್‌ಗಳಲ್ಲಿ ಇರುತ್ತಿತ್ತು. ನಿಮ್ಮದು ‘ಈಚೆಗೆ’ ಶುರುವಾದದ್ದು. ಹಾಗಾಗಿ ಪಂಕ್ಚರಿಗೆ ಬರುತ್ತೇನೆ.

ಕಡಿಮೆ ಬೆಲೆಯ ಹಲವು ಮೌಂಟೇನ್ ಬೈಕ್‌ಗಳಲ್ಲಿ ಹಿಂದಿನ ಡಿರೇಲರ್ ಚೌಕಟ್ಟಿಗೆ ನೇರವಾಗಿ ಕೂತಿರುವುದಿಲ್ಲ. ಚಕ್ರದ ಆಕ್ಸೆಲ್ ಕೂರುವ ಕಚ್ಚಿನಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಡಿರೇಲರ್ ಆ ಪಟ್ಟಿಗೆ ತೂಗುತ್ತದೆ. ಪಟ್ಟಿಯನ್ನು ಹಿಡಿದಿರುವುದು ಒಂದು ಸಣ್ಣ ಬೋಲ್ಟ್ ಮತ್ತು ಆಕ್ಸೆಲ್ಲಿನ ದೊಡ್ಡ ನಟ್. ಪಂಕ್ಚರ್ ಹಾಕುವವರು ಚಕ್ರ ಬಿಚ್ಚುವಾಗ ನಟ್ ಸಡಿಲವಾಗುತ್ತದೆ, ಪಟ್ಟಿ ಅಲುಗುತ್ತದೆ. ಮತ್ತೆ ಕೂರಿಸುವಾಗ ಆಕ್ಸೆಲ್ ಕಚ್ಚಿನ ತುದಿಯವರೆಗೆ ಹೋಗದಿದ್ದರೆ, ಅಥವಾ ಪಟ್ಟಿ ಒಂದು ಬದಿಗೆ ವಾಲಿದ್ದಾಗಲೇ ನಟ್ ಬಿಗಿದರೆ, ಡಿರೇಲರ್ ಅಲ್ಲಿಂದ ಮುಂದೆ ಆ ವಾಲಿದ ಭಂಗಿಯಲ್ಲೇ ಬದುಕಬೇಕು. ಪಂಕ್ಚರ್ ಹಾಕುವವರ ತಪ್ಪೆಂದೇ ಹೇಳುವಂತಿಲ್ಲ. ದಿನಕ್ಕೆ ಹತ್ತಾರು ಸ್ಕೂಟರ್, ಬೈಕ್ ಟಯರ್ ನೋಡುವ ಕೈ ಅದು. ಗಾಳಿ ನಿಂತಿತೇ, ಚಕ್ರ ಬಿಗಿಯಾಯಿತೇ ಎಂದಷ್ಟೇ ನೋಡುತ್ತದೆ. ನನ್ನಲ್ಲಿಗೆ ಬರುವ ‘ಒಂದೇ ಗೇರ್ ಸದ್ದು’ ದೂರುಗಳಲ್ಲಿ ಮೊದಲು ನಾನು ಕೇಳುವ ಪ್ರಶ್ನೆಯೇ ಈಚೆಗೆ ಹಿಂದಿನ ಚಕ್ರ ಬಿಚ್ಚಿದ್ದಿರಾ ಎಂಬುದು. ಜಾಲಿಮುಳ್ಳಿನ ನಾಡಿನಲ್ಲಿ ಬಹುಪಾಲು ಜನ ಹೌದೆನ್ನುತ್ತಾರೆ.

ಪರೀಕ್ಷೆ ಹೀಗೆ. ಸೈಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ನೋಡಿ. ಡಿರೇಲರ್‌ನಲ್ಲಿ ಒಂದರ ಕೆಳಗೊಂದು ಎರಡು ಚಿಕ್ಕ ಪುಲ್ಲಿಗಳಿವೆ. ಹಲ್ಲುಚಕ್ರ, ಮೇಲಿನ ಪುಲ್ಲಿ, ಕೆಳಗಿನ ಪುಲ್ಲಿ ಮೂರೂ ಒಂದೇ ನೇರಕ್ಕೆ ನಿಲ್ಲಬೇಕು, ಬಾವಿಗೆ ಬಿಟ್ಟ ಹಗ್ಗದ ಹಾಗೆ. ಕೆಳಗಿನ ಪುಲ್ಲಿ ಕಡ್ಡಿಗಳ ಕಡೆಗೆ ವಾಲಿದ್ದರೆ ಪಟ್ಟಿ ಒಳಕ್ಕೆ ಬಾಗಿದೆ ಎಂದರ್ಥ. ಜೊತೆಗೆ ಟಯರ್ ಹಿಂದಿನ ಎರಡು ಕೊಳವೆಗಳಿಂದ ಸಮದೂರದಲ್ಲಿದೆಯೇ ಎಂದೂ ಬೆರಳಿಟ್ಟು ನೋಡಿ. ಒಂದು ಬದಿಗೆ ಎರಡು ಬೆರಳು ಹಿಡಿಸಿ ಇನ್ನೊಂದು ಬದಿಗೆ ಒಂದೇ ಹಿಡಿಸಿದರೆ ಚಕ್ರವೇ ಸೊಟ್ಟಗೆ ಕೂತಿದೆ.

ಸರಿಪಡಿಸುವುದು ಸುಲಭ. ಚೈನನ್ನು ಎಲ್ಲಕ್ಕಿಂತ ಚಿಕ್ಕ ಚಕ್ರಕ್ಕೆ ಇಳಿಸಿ. ಸೈಕಲ್ಲನ್ನು ನೆಲಕ್ಕಿಳಿಸಿ ಎರಡು ಬದಿಯ ಆಕ್ಸೆಲ್ ನಟ್‌ಗಳನ್ನು 15ರ ಪಾನದಿಂದ ಸಡಿಲಿಸಿ. ಸೀಟಿನ ಮೇಲೆ ಕೈಯೂರಿ ನಿಮ್ಮ ಭಾರ ಬಿಟ್ಟರೆ ಆಕ್ಸೆಲ್ ತಾನಾಗಿ ಕಚ್ಚಿನ ತುದಿಗೆ ಹೋಗುತ್ತದೆ. ಪಟ್ಟಿಯ ಸಣ್ಣ ಬೋಲ್ಟನ್ನು ಮೊದಲು ಬಿಗಿದು, ಪಟ್ಟಿ ಚೌಕಟ್ಟಿಗೆ ಚಪ್ಪಟೆಯಾಗಿ ಅಂಟಿದೆ ಎಂದು ಉಗುರಿನಿಂದ ಸವರಿ ಖಚಿತಪಡಿಸಿಕೊಳ್ಳಿ. ಉಗುರು ಸಂದಿಗೆ ಹೋಗಬಾರದು. ಸಂದಿಯಲ್ಲಿ ಮಣ್ಣಿನ ಹೆಪ್ಪು ಸಿಕ್ಕಿಕೊಂಡಿದ್ದರೆ ಅದೇ ಪಟ್ಟಿಯನ್ನು ವಾಲಿಸಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಅಲ್ಲಿ ಕೂತು ಒಣಗಿದರೆ ಸಿಮೆಂಟಿನಂತಾಗುತ್ತದೆ, ಕೆರೆದು ತೆಗೆಯಿರಿ. ಆಮೇಲೆ ಎರಡು ಬದಿಯ ನಟ್‌ಗಳನ್ನು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಇಷ್ಟಾದ ಮೇಲೂ ಪುಲ್ಲಿಗಳು ವಾಲಿಯೇ ಇದ್ದರೆ ಪಟ್ಟಿಯೇ ಬಾಗಿದೆ. ಸೈಕಲ್ ಯಾವಾಗಲೋ ಬಲಕ್ಕೆ ಬಿದ್ದಿರಬೇಕು, ಅಥವಾ ಬಸ್ಸಿನ ಮೇಲೆ ಹಾಕಿ ಕಳಿಸಿದ್ದಿರಬೇಕು. ಉಕ್ಕಿನ ಪಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಬಹುದು. ಡಿರೇಲರ್ ಬಿಚ್ಚಿ, ಅದರ ರಂಧ್ರಕ್ಕೆ ಗಟ್ಟಿ ಬೋಲ್ಟ್ ಕೂರಿಸಿ, ಅದನ್ನು ಹಿಡಿಕೆಯಂತೆ ಬಳಸಿ ತಿದ್ದುವುದು ನಮ್ಮ ರೀತಿ. ಆ ರಂಧ್ರದ ಮರೆ (ತಿರುಪಿನ ಎಳೆ) 10 ಮಿ.ಮೀ. ದಪ್ಪ, ಎಳೆಯಿಂದ ಎಳೆಗೆ 1 ಮಿ.ಮೀ. ಪಿಚ್‌ನದು. ನಟ್ ಬದಲು ಲಿವರ್‌ನಿಂದ ಬಿಚ್ಚುವ ಕ್ವಿಕ್ ರಿಲೀಸ್ ಇರುವ ಹಿಂದಿನ ಚಕ್ರಗಳ ಆಕ್ಸೆಲ್ ಮರೆಯೂ ಬಹಳ ಸಲ ಅದೇ ಅಳತೆಯದ್ದು. ಹಾಗಾಗಿ ಗೆಳೆಯರ ಅಂಥ ಚಕ್ರವೊಂದು ಸಿಕ್ಕರೆ ಅದರ ಆಕ್ಸೆಲ್ಲನ್ನೇ ಆ ರಂಧ್ರಕ್ಕೆ ತಿರುಗಿಸಿ ಕೂರಿಸಿ. ಎರಡು ಚಕ್ರಗಳು ಅಕ್ಕಪಕ್ಕ ನಿಲ್ಲುತ್ತವೆ, ಅವುಗಳ ರಿಮ್‌ಗಳ ನಡುವಿನ ಅಂತರ ಮೇಲೆ, ಕೆಳಗೆ, ಹಿಂದೆ ಎಲ್ಲ ಕಡೆ ಒಂದೇ ಬರುವವರೆಗೆ ಬಗ್ಗಿಸಿದರೆ ಮುಗಿಯಿತು. ಸಾವಿರಾರು ರೂಪಾಯಿಯ ಹತ್ಯಾರಿನ ಕೆಲಸ ಒಂದು ಎರವಲು ಚಕ್ರದಿಂದ ಆಗುತ್ತದೆ. ಆದರೆ ಬೆರಳಿನಲ್ಲೇ ಸಲೀಸಾಗಿ ತಿರುಗಿದರೆ ಮಾತ್ರ. ಇಂಚಿನ ಅಳತೆಯ ಆಕ್ಸೆಲ್ಲನ್ನು ಒತ್ತಾಯದಿಂದ ತುರುಕಿದರೆ ಮರೆ ಹಾಳಾಗುತ್ತದೆ. ಇನ್ನು ನಿಮ್ಮದು ಉಕ್ಕಿನ ಪಟ್ಟಿಯ ಬದಲು ಅಲ್ಯುಮಿನಿಯಂ ಪಟ್ಟಿ (ಹ್ಯಾಂಗರ್) ಆಗಿದ್ದರೆ ಒಮ್ಮೆ ತಿದ್ದಬಹುದು. ಎರಡನೆಯ ಬಾರಿ ತಿದ್ದಲು ಹೋದರೆ ಅದು ಕೈಯಲ್ಲೇ ಮುರಿಯಬಹುದು.

ಪಟ್ಟಿ ನೇರವಾಗಿಯೇ ಇದೆ ಎಂದುಕೊಳ್ಳಿ. ಆಗ ಎರಡನೆಯ ಅನುಮಾನ ಕೇಬಲ್ ಮೇಲೆ. ಇದಕ್ಕೊಂದು ಪರೀಕ್ಷೆಯಿದೆ, ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಯಾವ ಹತ್ಯಾರೂ ಬೇಡ. ಮೊದಲು 4ರಲ್ಲಿ ಓಡಿಸಿ 3ಕ್ಕೆ ಬನ್ನಿ, ಸದ್ದು ಕೇಳಿ. ಆಮೇಲೆ 2ಕ್ಕೆ ಹೋಗಿ, ಅಲ್ಲಿಂದ 3ಕ್ಕೆ ಮರಳಿ, ಮತ್ತೆ ಕೇಳಿ. ಗೇರ್ ಒಂದೇ, ಬಂದ ದಾರಿ ಬೇರೆ. 4ರಿಂದ 3ಕ್ಕೆ ಬರುವಾಗ ನಿಮ್ಮ ಹೆಬ್ಬೆರಳು ಕೇಬಲ್ಲನ್ನು ಎಳೆಯುತ್ತದೆ; ಹೆಬ್ಬೆರಳಿಗೆ ಬಲವಿದೆ, ಎಳೆದಷ್ಟು ಬರುತ್ತದೆ. 2ರಿಂದ 3ಕ್ಕೆ ಬರುವಾಗ ಗುಂಡಿ ಕೇಬಲ್ಲನ್ನು ಬಿಡುತ್ತದೆ ಅಷ್ಟೇ, ಅದನ್ನು ಎಳೆದುಕೊಳ್ಳಬೇಕಾದದ್ದು ಡಿರೇಲರ್‌ನ ಪುಟ್ಟ ಸ್ಪ್ರಿಂಗ್. ಕೇಬಲ್ ಹೊರಕವಚದೊಳಗೆ ಧೂಳು ತುಂಬಿ ಹಿಡಿಯುತ್ತಿದ್ದರೆ ಸ್ಪ್ರಿಂಗ್ ಪೂರ್ತಿ ಎಳೆಯಲಾರದೆ ಡಿರೇಲರ್ 2ರ ಕಡೆಗೆ ತುಸು ಉಳಿದುಬಿಡುತ್ತದೆ. ಶಿಮಾನೊ ಕಂಪನಿಯ ಮಾದರಿಯ ಡಿರೇಲರ್‌ಗಳಲ್ಲಿ ಕೇಬಲ್ 1 ಮಿ.ಮೀ. ಸರಿದರೆ ಪುಲ್ಲಿ ಸುಮಾರು 1.7 ಮಿ.ಮೀ. ಸರಿಯುತ್ತದೆ. ಹಾಗಾದರೆ ಕೇಬಲ್ 0.3 ಮಿ.ಮೀ. ಹಿಂದೆ ಉಳಿದರೂ ನಾವು ಲೆಕ್ಕ ಹಾಕಿದ ಆ ಅರ್ಧ ಮಿಲಿಮೀಟರ್ ಜಾಗ ತೀರಿಹೋಯಿತು. 2ರಿಂದ ಬಂದಾಗ ಮಾತ್ರ ಕರಕರ ಎಂದರೆ ಕೇಬಲ್ ಅಪರಾಧಿ. ಎರಡು ದಾರಿಯಲ್ಲೂ ಕರಕರ ಎಂದರೆ ಕೇಬಲ್ ಬಿಡುಗಡೆ, ಹೊಂದಾಣಿಕೆ ತಪ್ಪಿದೆ.

ನಿಮ್ಮ ದಾರಿಯ ಧೂಳಿನಲ್ಲಿ ಕೇಬಲ್ ಮೂರು ವರ್ಷ ಬಾಳಿದ್ದೇ ಹೆಚ್ಚು. ಡಿರೇಲರ್‌ಗೆ ಹೋಗುವ ಕೊನೆಯ ಬಾಗಿದ ತುಂಡು ನೋಡಿ, ಎಲ್ಲ ಕೆಸರೂ ಇಳಿದು ಕೂರುವುದು ಅಲ್ಲಿ. ಹೆಚ್ಚಿನ ಸಲ ಆ ಒಂದು ಗೇಣು ಹೊರಕವಚ ಮತ್ತು ಒಳತಂತಿ ಬದಲಿಸಿದರೆ ಸಾಕು. ಕೊಳ್ಳುವಾಗ ಗೇರಿನ ಕೇಬಲ್ ಎಂದೇ ಕೇಳಿ. ಬ್ರೇಕಿನ ಹೊರಕವಚದಲ್ಲಿ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ, ಎಳೆದಾಗ ಸ್ವಲ್ಪ ಕುಗ್ಗುತ್ತದೆ. ಬ್ರೇಕಿಗೆ ನಡೆಯುತ್ತದೆ, ಗೇರಿಗೆ ಆಗದು. ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ಹೋಗಿರುತ್ತವೆ, ಕುಗ್ಗುವುದಿಲ್ಲ. ಒಳತಂತಿಯೂ ತೆಳು, 1.2 ಮಿ.ಮೀ. ಕತ್ತರಿಸುವಾಗ ಹಳೆಯ ಕಟಿಂಗ್ ಪ್ಲೇಯರ್ ಬಳಸಿದರೆ ತುದಿ ಚಪ್ಪಟೆಯಾಗಿ ಹೊಸ ಕೇಬಲ್ ಕೂಡ ಹಿಡಿಯತೊಡಗುತ್ತದೆ. ಚಪ್ಪಟೆಯಾದರೆ ದಬ್ಬಳ ಚುಚ್ಚಿ ಬಾಯಿ ದುಂಡಗೆ ಮಾಡಿ.

ಹೊಂದಾಣಿಕೆಗೆ ಬರೋಣ. ಡಿರೇಲರ್‌ಗೆ ಕೇಬಲ್ ಹೊಕ್ಕುವ ಜಾಗದಲ್ಲಿ ಬೆರಳಿನಿಂದ ತಿರುಗಿಸುವ ಒಂದು ಬ್ಯಾರೆಲ್ ಇದೆ. ಸೈಕಲ್ಲಿನ ಹಿಂದೆ ನಿಂತು ಅದನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಕೇಬಲ್ ಸಡಿಲವಾಗಿ ಡಿರೇಲರ್ ಹೊರಕ್ಕೆ, ಚಿಕ್ಕ ಚಕ್ರಗಳ ಕಡೆಗೆ ಸರಿಯುತ್ತದೆ. ಎದುರು ದಿಕ್ಕಿಗೆ ತಿರುಗಿಸಿದರೆ ಒಳಕ್ಕೆ. 3ರಲ್ಲಿ ಚೈನ್ 2ಕ್ಕೆ ತಿಕ್ಕುತ್ತಿದ್ದರೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು. ಕೇಳಿ. ಬೇಕಾದರೆ ಇನ್ನೊಂದು ಕಾಲು ಸುತ್ತು. ಯಾವ ಕಡೆ ತಿಕ್ಕುತ್ತಿದೆ ಎಂದು ಕಣ್ಣಿಗೆ ಕಾಣದಿದ್ದರೆ ಹಿಂದೆ ಒಂದು ಬಿಳಿ ಹಾಳೆ ಹಿಡಿದು ಸಂದಿಯನ್ನು ನೋಡಿ, ಬೆಳಕು ಕಾಣುವ ಕಡೆ ಜಾಗವಿದೆ. ಸರಿಯಾಯಿತು ಎನ್ನಿಸಿದ ಮೇಲೆ 1ರಿಂದ 7ರವರೆಗೆ, ಮತ್ತೆ 7ರಿಂದ 1ರವರೆಗೆ ಓಡಿಸಿ. 3 ಸರಿಹೋಗಿ 5 ಕೆಟ್ಟರೆ ಬ್ಯಾರೆಲ್ ತಿರುಗಿಸುತ್ತ ಕೂರಬೇಡಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುವುದು ಪಟ್ಟಿ ಬಾಗಿದೆ ಎನ್ನುವುದಕ್ಕೆ ಸಾಕ್ಷಿ. ಮತ್ತೆ ಹಿಂದೆ ಹೋಗಿ ಕುಕ್ಕುರುಗಾಲಲ್ಲಿ ಕುಳಿತುಕೊಳ್ಳಿ.

ಡಿರೇಲರ್ ಮೇಲೆ ಅಕ್ಕಪಕ್ಕ ಎರಡು ಪುಟ್ಟ ಸ್ಕ್ರೂಗಳು ಕಾಣುತ್ತವೆ. ದಯವಿಟ್ಟು ಅವನ್ನು ಮುಟ್ಟಬೇಡಿ. ಒಂದು 7ರಿಂದ ಆಚೆ ಚೈನ್ ಬೀಳದಂತೆ, ಇನ್ನೊಂದು 1ರಿಂದ ಆಚೆ ಕಡ್ಡಿಗಳಿಗೆ ಹೋಗದಂತೆ ತಡೆಯುವ ಬೇಲಿಗಳು ಮಾತ್ರ. ನಡುಹೊಲದ 3ನೆಯ ಗೇರಿಗೂ ಬೇಲಿಗೂ ಏನು ಸಂಬಂಧ? ಆದರೂ ಸದ್ದು ಬಂದ ಕೂಡಲೇ ಎಲ್ಲರ ಕೈ ಹೋಗುವುದು ಅವುಗಳ ಮೇಲೆಯೇ. ಒಳಗಿನ ಬೇಲಿ ಸಡಿಲವಾಗಿ ಡಿರೇಲರ್ ಕಡ್ಡಿಗಳೊಳಗೆ ಹೋದರೆ ಡಿರೇಲರ್, ಕಡ್ಡಿ, ಪಟ್ಟಿ ಮೂರೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಮೂರನೆಯ ಸ್ಕ್ರೂ ಒಂದಿರಬಹುದು, ಪಟ್ಟಿಗೆ ಒತ್ತಿ ನಿಲ್ಲುವಂಥದ್ದು. ಅದು ಮೇಲಿನ ಪುಲ್ಲಿಯನ್ನು ಹಲ್ಲುಚಕ್ರದಿಂದ ದೂರವಿಡುತ್ತದೆ. 1ರಲ್ಲಿ ಇದ್ದಾಗ ಪುಲ್ಲಿಗೂ ದೊಡ್ಡ ಚಕ್ರಕ್ಕೂ 5-6 ಮಿ.ಮೀ. ಅಂತರವಿದ್ದರೆ ಅದನ್ನೂ ಬಿಟ್ಟುಬಿಡಿ.

ಇಷ್ಟೆಲ್ಲ ಸರಿಯಿದ್ದೂ ಸದ್ದು ಬಂದರೆ ಮಾತ್ರ ಸವೆತದ ಮಾತು. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಳೆಯ ಫ್ರೀವೀಲ್ ಮೇಲೆ ಹೊಸ ಚೈನ್ ಹಾಕಿದರೆ ಜಗಳ ಬರುವುದುಂಟು. ನಿಮಗೆ ಪ್ರಿಯವಾದ ಗೇರ್ 3 ಎಂದು ಕಾಣುತ್ತದೆ, ಅದೇ ಹೆಚ್ಚು ಸವೆದಿರುತ್ತದೆ. ಆದರೆ ಆ ಜಗಳದ ದನಿ ಬೇರೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಕರಕರ ಎನ್ನುವುದಕ್ಕಿಂತ ಹಲ್ಲು ತಪ್ಪಿ ಹಾರುವುದೇ ಹೆಚ್ಚು. ಏರಿನಲ್ಲಿ ಎದ್ದು ನಿಂತು ತುಳಿದಾಗ ಧಡ್ ಎಂದು ಪೆಡಲ್ ಕುಸಿದು ಎದೆ ಝಲ್ಲೆನ್ನುತ್ತದೆ. ಹಾರಿದ ಮಾತನ್ನೇ ನೀವು ಬರೆದಿಲ್ಲ. ಹಾರಿದ್ದರೆ ಮರೆಯುತ್ತಿರಲಿಲ್ಲ.

ಹಳೆಯ ಚೈನ್ ಮನೆಯಲ್ಲಿದ್ದರೆ ಅಳೆದು ನೋಡಿ, ಫ್ರೀವೀಲ್‌ನ ಜಾತಕ ಅದರಲ್ಲಿ ಸಿಗುತ್ತದೆ. 12 ಇಂಚಿನ ಉಕ್ಕಿನ ಸ್ಕೇಲ್ ತೆಗೆದುಕೊಂಡು, ಚೈನನ್ನು ಎಳೆದು ಹಿಡಿದು, ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಹೊಸ ಚೈನ್‌ನಲ್ಲಿ 24 ಕೊಂಡಿ ದಾಟಿದ ಪಿನ್ನಿನ ನಡು ಸರಿಯಾಗಿ 12 ಇಂಚಿನ ಗೆರೆ ಮೇಲಿರುತ್ತದೆ. ಅದು ಗೆರೆಯಿಂದ ಇಂಚಿನ ಹದಿನಾರನೆಯ ಒಂದು ಭಾಗ, ಎಂದರೆ ಒಂದೂವರೆ ಮಿ.ಮೀ.ನಷ್ಟು, ಆಚೆ ಹೋಗಿದ್ದರೆ ಚೈನ್ ಬದಲಿಸುವ ಕಾಲ, ಫ್ರೀವೀಲ್ ಇನ್ನೂ ನಡೆಯುತ್ತದೆ. ಎಂಟನೆಯ ಒಂದು ಭಾಗ, ಮೂರು ಮಿ.ಮೀ., ಹೋಗಿದ್ದರೆ ಆ ಚೈನ್ ತನ್ನೊಂದಿಗೆ ಹಲ್ಲುಗಳನ್ನೂ ತಿಂದಿದೆ. ಚೈನ್ ಹಿಗ್ಗುತ್ತದೆ ಎನ್ನುವುದು ರೂಢಿಯ ಮಾತು. ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲ, ಪಿನ್ ಸವೆಯುತ್ತದೆ, ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಸೇರಿ ಉದ್ದವಾಗುತ್ತದೆ.

ನಿಮ್ಮ ಧೂಳಿನ ಬಗ್ಗೆ. ಪರಸಿ ಕಲ್ಲು ಸುಣ್ಣಕಲ್ಲು, ಉಕ್ಕಿಗಿಂತ ಮೆದು. ಬರೀ ಅದರ ಪುಡಿ ಚೈನನ್ನು ಅಷ್ಟೇನೂ ತಿನ್ನದು. ತಿನ್ನುವುದು ಅದರೊಡನೆ ಹಾರಿಬರುವ ಮರಳಿನ ಕಣ, ಪಾಲಿಶ್ ಕಲ್ಲಿನಿಂದ ಉದುರುವ ಕಾರ್ಬೊರಂಡಮ್ ಕಣ. ಇವು ಉಕ್ಕಿಗಿಂತ ಗಟ್ಟಿ. ಒಣ ಕಣ ಉದುರಿಹೋಗುತ್ತದೆ. ಎಣ್ಣೆ ಸಿಕ್ಕರೆ ಅಂಟಿ ಕೂತು ಅರೆಯುವ ಹಿಟ್ಟಾಗುತ್ತದೆ. ಘಟಕದಲ್ಲಿ ಕಲ್ಲಿಗೆ ಮಾಡುವುದನ್ನೇ ನಿಮ್ಮ ಚೈನ್ ಪಿನ್ನಿಗೆ ಮಾಡುತ್ತದೆ. ಅದಕ್ಕೇ ಕುಸುಬೆ ಎಣ್ಣೆ ಎಂದು ಓದಿದಾಗ ತಲೆ ಹಿಡಿದುಕೊಂಡೆ. ಜೋಳದ ರೊಟ್ಟಿಯ ಜೊತೆಗಿನ ಪಲ್ಯಕ್ಕೆ ಅದರಂಥ ಎಣ್ಣೆ ಇಲ್ಲ. ಆದರೆ ಕುಸುಬೆ ಒಣಗುವ ಎಣ್ಣೆ, ಬಣ್ಣಕ್ಕೆ ಬೆರೆಸುವಂಥದ್ದು. ಗಾಳಿಗೆ ಬಿಟ್ಟರೆ ಗೋಂದಾಗುತ್ತದೆ. ಒಗ್ಗರಣೆಯ ಡಬ್ಬಿಯ ಮುಚ್ಚಳ ಅಂಟಂಟಾಗುವುದನ್ನು ನೀವು ನೋಡಿರಬೇಕು. ಒಂದು ದಿನ ಸದ್ದು ನಿಂತು ಮತ್ತೆ ಬಂದದ್ದರ ಅರ್ಥವೂ ಇದೇ: ತಿಕ್ಕುವುದು ನಿಂತಿರಲಿಲ್ಲ, ಎಣ್ಣೆ ಹಸಿಯಾಗಿರುವವರೆಗೆ ಮೆತ್ತಗಾಗಿತ್ತು. ಗ್ಯಾರೇಜಿನ ಕಪ್ಪು ಎಂಜಿನ್ ಎಣ್ಣೆಯನ್ನೂ ಹಾಕಬೇಡಿ, ಅದರಲ್ಲಿ ಬೇರೆ ಯಂತ್ರ ಸವೆದ ಪುಡಿ ಇರುತ್ತದೆ.

ಈಗ ಆ ಗೋಂದನ್ನು ತೆಗೆಯಬೇಕು. ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಬಟ್ಟೆ. ಚೈನ್ ಒರೆಸಿದ ಮೇಲೆ ಎರಡು ಪುಲ್ಲಿಗಳನ್ನು ಮರೆಯಬೇಡಿ. ಅವುಗಳ ಹಲ್ಲಿನ ಮೇಲೆ ಗೋಂದು ಮತ್ತು ಧೂಳು ಸೇರಿ ಕರಿ ಪಟ್ಟಿ ಕಟ್ಟಿರುತ್ತದೆ, ಕಡ್ಡಿಯಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತದೆ. ಮೇಲಿನ ಪುಲ್ಲಿ ಅತ್ತಿತ್ತ ಸ್ವಲ್ಪ ಆಡಿದರೆ ಗಾಬರಿಯಾಗಬೇಡಿ, ಚೈನ್ ತಾನೇ ಹಲ್ಲು ಹುಡುಕಿಕೊಳ್ಳಲಿ ಎಂದು ಹಾಗೆ ಮಾಡಿರುತ್ತಾರೆ. ಹಲ್ಲುಚಕ್ರಗಳ ನಡುವೆ ಹಳೆಯ ಬಟ್ಟೆಯ ಅಂಚನ್ನು ತೂರಿಸಿ ಅತ್ತಿತ್ತ ಎಳೆಯಿರಿ. ತೊಗರಿ ರಾಶಿಯ ಕಾಲದಲ್ಲಿ ರಸ್ತೆ ಮೇಲೆ ಹರಡಿದ ಕಟ್ಟಿಗೆಯ ಎಳೆಯೊಂದು ಅಲ್ಲಿ ಸಿಕ್ಕಿಕೊಂಡು ವಾರಗಟ್ಟಲೆ ಸದ್ದು ಮಾಡಿದ್ದನ್ನು ನೋಡಿದ್ದೇನೆ. 3ರ ಪಕ್ಕದಲ್ಲಿ ಅಂಥದ್ದೇನಾದರೂ ಇದ್ದರೆ ಇಷ್ಟುದ್ದ ಬರೆದದ್ದಕ್ಕೆ ಕ್ಷಮೆ ಕೇಳಬೇಕಾದೀತು. ಪೈಪ್ ಹಿಡಿದು ನೀರು ಮಾತ್ರ ಬಿಡಬೇಡಿ, ನೀರು ಫ್ರೀವೀಲ್‌ನ ಒಳಗುಂಡುಗಳಿಗೆ ಇಳಿಯುತ್ತದೆ. ಒಣಗಿದ ಮೇಲೆ ಚೈನ್‌ನ ಒಳಬದಿಯಲ್ಲಿ ರೋಲರಿಗೊಂದು ಹನಿ, ಸೈಕಲ್ ಚೈನ್ ಎಣ್ಣೆ. ಸಿಗದಿದ್ದರೆ ಸದ್ಯಕ್ಕೆ ಹೊಲಿಗೆ ಯಂತ್ರದ ಎಣ್ಣೆ. ರಾತ್ರಿ ಬಿಟ್ಟು ಬೆಳಿಗ್ಗೆ ಹೊರಗಿನದನ್ನೆಲ್ಲ ಒರೆಸಿಬಿಡಿ. ಬೆರಳಿಗೆ ಎಣ್ಣೆ ಹತ್ತದಿದ್ದರೆ ಸರಿಯಾಗಿ ಒರೆಸಿದ್ದೀರಿ. ಬೇಸಿಗೆಯಲ್ಲಿ ಧೂಳು ಹಿಡಿಯದ ಮೇಣದ ಬಗೆಯದು ಇನ್ನೂ ಒಳ್ಳೆಯದು.

ಈ ಕ್ರಮದಲ್ಲೇ ಹೋಗಿ: ಒರೆಸುವುದು, ಆಕ್ಸೆಲ್ ಮತ್ತು ಪಟ್ಟಿ, ಎರಡು ದಾರಿಯ ಪರೀಕ್ಷೆ, ಬ್ಯಾರೆಲ್. ಭಾನುವಾರ ಬೆಳಿಗ್ಗೆ ಕೂತರೆ ಬಿಸಿಲೇರುವ ಮೊದಲು ಮುಗಿಯುತ್ತದೆ. ಅದಾದ ಮೇಲೂ 3ರಲ್ಲಿ ಸದ್ದಿದ್ದರೆ, ಅಥವಾ ಚೈನ್ ಹಾರತೊಡಗಿದರೆ, ಫ್ರೀವೀಲ್ ಒಂದನ್ನು ಬದಲಿಸಿ. ಒಂದೇ ಹಲ್ಲುಚಕ್ರ ಬಿಡಿಯಾಗಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ, ನೀವೇ ಬಿಚ್ಚಲೂ ಹೋಗಬೇಡಿ. ಅದಕ್ಕೆ ಬೇರೆ ಪುಲ್ಲರ್ ಬೇಕು, ಒಳಗಿನ ಸಣ್ಣ ಗುಂಡುಗಳು ಅಂಗಳಕ್ಕೆ ಚೆಲ್ಲಿದರೆ ಮತ್ತೆ ಕೂಡುವುದಿಲ್ಲ. ಅಂಗಡಿಗೆ ಹೋದಾಗ ಡಿರೇಲರ್ ಬೇಡ ಎಂದು ಹೇಳಿ. ಚೈನ್ ಎರಡು ತಿಂಗಳದ್ದು, ಅವರ ಎದುರೇ ಸ್ಕೇಲ್ ಇಟ್ಟು ತೋರಿಸಿ ಅದನ್ನೂ ಉಳಿಸಿಕೊಳ್ಳಿ.